ನಾಲ್ಕನೆಯ ಗೋಡೆ

ಕೊಣ್ಣೂರಿನ ಕಲ್ಲುಕೋಣೆಗಳನ್ನು ಕಂಡುಹಿಡಿದವರು ಇಂಥವರೇ ಎಂದು ಬೆರಳು ಮಾಡಿ ತೋರಿಸುವಂತಿಲ್ಲ. ಗೋಕಾಕ ಜಲಪಾತದ ಮಗ್ಗುಲಿಗೇ ಇರುವ ಈ ಊರಿನಲ್ಲಿ ದನ ಕಾಯುವವರು, ಕಟ್ಟಿಗೆ ತರುವವರು, ಗುಡ್ಡದ ಹಾದಿ ತುಳಿಯುವವರು ಎಲ್ಲರೂ ಅವನ್ನು ತಲೆತಲಾಂತರದಿಂದ ನೋಡಿಕೊಂಡೇ ಬಂದಿದ್ದರು. ದೊಡ್ಡ ದೊಡ್ಡ ಚಪ್ಪಡಿಗಳನ್ನು ನೆಲದಲ್ಲಿ ನಿಲ್ಲಿಸಿ, ಅವುಗಳ ಮೇಲೆ ಇನ್ನೊಂದು ಚಪ್ಪಡಿ ಹೊದಿಸಿದ ಕೋಣೆಗಳು. ಗಾರೆಯಿಲ್ಲ, ಮಣ್ಣಿನ ಮೆತ್ತಿಗೆಯಿಲ್ಲ, ಅಕ್ಷರವಿಲ್ಲ, ಮೂರ್ತಿಯಿಲ್ಲ. ಈ ಗೋಡೆಗಳು ಯಾರನ್ನು ಸುತ್ತುವರಿದಿದ್ದವು, ಯಾತಕ್ಕಾಗಿ ಎಂಬುದಷ್ಟೇ ತಿಳಿಯದೆ ಉಳಿದಿತ್ತು. ಅದು ತಿಳಿಯಲು ಹೆಚ್ಚುಕಡಿಮೆ ನೂರೈವತ್ತು ವರ್ಷ ಹಿಡಿಯಿತು. ಉತ್ತರವಾದರೂ ಗೋಕಾಕದಲ್ಲೇ ಸಿಗಲಿಲ್ಲ. ಸುರಪುರ, ಮೊಳಕಾಲ್ಮೂರು, ತುಂಗಭದ್ರೆಯ ದಂಡೆ ಎಲ್ಲ ಸುತ್ತಿ ಘಟಪ್ರಭೆಯ ದಡಕ್ಕೆ ಮರಳಿ ಬರಬೇಕಾಯಿತು.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮಾತಿನಲ್ಲಿ ಗೋಡೆಯಿಂದ ಸುತ್ತುವರಿದ ಜಾಗದ ಹೆಸರುಗಳಿಗೆ ಬರವಿಲ್ಲ. ಗುಡಿಯ ಸುತ್ತ ಎದ್ದದ್ದು ಪೌಳಿ, ದೇಸಾಯರು ಕಟ್ಟಿಸಿಕೊಂಡದ್ದು ವಾಡೆ, ಊರನ್ನು ಕಾಯುವುದು ಕೋಟೆ. ಊರೊಳಗೆ ಹೋಗುವ ದೊಡ್ಡ ಬಾಗಿಲು ಅಗಸಿ. ಒಂದೊಂದು ಹೆಸರೂ ಒಳಗೆ ಯಾರಿದ್ದಾರೆ ಎಂಬುದನ್ನು ಹೇಳಿಬಿಡುತ್ತದೆ. ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಮೂರು ಗುಮ್ಮಟಗಳೂ ಹಾಗೆಯೇ. ಚೌಕಾಕಾರದ ಗಟ್ಟಿ ಗೋಡೆ, ಮೇಲೆ ಗೋಲು ಗುಮ್ಮಟ ಕಂಡರೆ ಸಾಕು, ಇದು ಗೋರಿ ಎಂದು ದಾರಿಹೋಕರೂ ಹೇಳುತ್ತಾರೆ. ಕೊಣ್ಣೂರಿನ ಕೋಣೆಗಳು ಮಾತ್ರ ಹಾಗೆ ತಮ್ಮನ್ನು ತಾವು ಹೇಳಿಕೊಳ್ಳಲಿಲ್ಲ. ಇಂಥವು ಇರುವ ಹಲವು ಕಡೆ ಕನ್ನಡಿಗರು ಅವನ್ನು ಮನೆ ಎಂದೇ ಕರೆದರು. ಒಂದೆಡೆ ಪಾಂಡವರ ಮನೆ, ಇನ್ನೊಂದೆಡೆ ಮೋರೇರ ಮನೆ ಅಥವಾ ಮೋರ್ಯರ ಮನೆ. ಕೊಡಗಿನಲ್ಲಿ ಪಾಂಡುಪಾರೆ.

ಈ ಹೆಸರುಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹೆಸರಿಟ್ಟವರು ಚೆನ್ನಾಗಿ ನೋಡಿಯೇ ಇಟ್ಟಿದ್ದಾರೆ. ಗೋಡೆಯಿದೆ, ಮಾಡಿದೆ, ಒಳಗೆ ಟೊಳ್ಳಿದೆ. ಕೆಲವಕ್ಕೆ ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿಯಿದೆ. ಇಷ್ಟೆಲ್ಲ ಇದ್ದ ಮೇಲೆ ಮನೆ ಎನ್ನದೆ ಏನೆನ್ನಬೇಕು? ತೊಡಕೆಂದರೆ ಆ ಕಿಂಡಿಯೊಳಗೆ ದೊಡ್ಡವರು ತೆವಳದೆ ನುಗ್ಗಲಾಗದು. ಚಪ್ಪಡಿಯನ್ನೋ ಹತ್ತಾರು ಜನ ಸೇರಿದರೂ ಅಲುಗಿಸಲಾಗದು. ಹಾಗಾಗಿ ಮೋರೇರು ಮೂರಡಿ ಎತ್ತರದ ಕುಳ್ಳರು, ಆದರೆ ಭಾರಿ ಬಲಶಾಲಿಗಳು ಎಂಬ ಕತೆ ಹುಟ್ಟಿತು. ಸಣ್ಣ ಬಾಗಿಲು, ದೊಡ್ಡ ಕಲ್ಲು ಎರಡಕ್ಕೂ ಒಂದೇ ಏಟಿಗೆ ಉತ್ತರ ಕೊಡುವ ಕತೆ ಅದು. ಅದನ್ನು ಸುಳ್ಳೆನ್ನಬೇಕಾದರೆ ಒಳಗೆ ಏನಿದೆ ಎಂದು ಅಗೆದು ನೋಡಲೇಬೇಕಿತ್ತು.

ಅಗೆದು ನೋಡಿ ಬರೆದಿಟ್ಟವರಲ್ಲಿ ಮೊದಲಿಗ ಬ್ಯಾಬಿಂಗ್ಟನ್. 1819ರಲ್ಲಿ ಮಲಬಾರಿನಲ್ಲಿ ಜನ ಪಾಂಡುಕುಳಿ ಎನ್ನುತ್ತಿದ್ದ ಗುಂಡಿಗಳನ್ನು ತೆಗೆಸಿದ. 1823ರಲ್ಲಿ ಮುಂಬಯಿಯ ಸಾಹಿತ್ಯ ಸಂಘದ ಸಂಪುಟದಲ್ಲಿ ಅದರ ವರದಿ ಅಚ್ಚಾಯಿತು. ಭಾರತದ ಬೃಹತ್ ಶಿಲಾ ಸಮಾಧಿಗಳ ಅಧ್ಯಯನ ಅಲ್ಲಿಂದ ಶುರುವಾಯಿತು ಎನ್ನುತ್ತಾರೆ. ಆದರೆ ಕೊಣ್ಣೂರಿನಂಥ ಚಪ್ಪಡಿ ಕೋಣೆಗಳ ಒಗಟು ಬಿಡಿಸಲು ನಿಜವಾಗಿ ನೆರವಾದವನು ಸುರಪುರದಲ್ಲಿದ್ದ ಮೆಡೋಸ್ ಟೇಲರ್.

ಟೇಲರನ ಹೆಸರು ಕನ್ನಡಿಗರಿಗೆ ಹೊಸದಲ್ಲ. ನಿಜಾಮನ ಸೇವೆಯಲ್ಲಿದ್ದ ಈತ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು 1841ರಲ್ಲಿ ಬಂದವನು, ಹತ್ತು ವರ್ಷಕ್ಕೂ ಮಿಕ್ಕಿ ಅಲ್ಲಿದ್ದ. ಕಾದಂಬರಿಕಾರ, ಚಿತ್ರ ಬರೆಯಬಲ್ಲವನು. ಸುತ್ತಾಟದಲ್ಲಿ ಕಣ್ಣಿಗೆ ಬಿದ್ದ ಕಲ್ಲುವೃತ್ತ, ಕಲ್ಲುಕೋಣೆಗಳನ್ನೆಲ್ಲ ಗುರುತು ಹಾಕಿಕೊಂಡ, ಸುತ್ತಲಿನ ಜನ ಹೇಳುವ ಮೋರೇರ ಕತೆಯನ್ನೂ ಬರೆದುಕೊಂಡ. ಈಗಿನ ಯಾದಗಿರಿ ಜಿಲ್ಲೆಯ ರಾಜನಕೋಳೂರಿನಲ್ಲಿ ಅವನ ಕಣ್ಣು ಒಂದು ಚಿಕ್ಕ ವ್ಯತ್ಯಾಸದ ಮೇಲೆ ನಿಂತಿತು. ಕೆಲವು ಕೋಣೆಗಳಿಗೆ ಮೂರೇ ಗೋಡೆ, ಒಂದು ಬದಿ ಬಟಾಬಯಲು. ಉಳಿದವಕ್ಕೆ ನಾಲ್ಕೂ ಗೋಡೆ ಮುಚ್ಚಿದ್ದು, ಅಂಥವುಗಳಲ್ಲಿ ಹಲವಕ್ಕೆ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ.

ಎರಡೂ ಬಗೆಯವನ್ನು ಅವನು ಅಗೆಸಿದ. ಮೂರು ಗೋಡೆಯವುಗಳಲ್ಲಿ ಏನೂ ಸಿಗಲಿಲ್ಲ. ನಾಲ್ಕು ಗೋಡೆಯವುಗಳಲ್ಲಿ ಬೂದಿ, ಇದ್ದಿಲು, ಮನುಷ್ಯರ ಎಲುಬಿನ ಚೂರು, ಒಡೆದ ಮಡಕೆ ಸಿಕ್ಕವು.

ಈ ಕತೆಯಲ್ಲೆಲ್ಲ ನನಗೆ ಅತಿ ದೊಡ್ಡದೆನಿಸುವ ಗಳಿಗೆ ಇದು. ದೂರದಿಂದ ನೋಡಿದರೆ ಎರಡೂ ಒಂದೇ ಬಗೆಯ ಕಟ್ಟಡ. ಅದೇ ಕಲ್ಲು, ಅದೇ ಕೈಗೆಲಸ. ನಾಲ್ಕನೆಯ ಗೋಡೆ ಇದೆಯೋ ಇಲ್ಲವೋ ಎಂಬುದೊಂದನ್ನೇ ಹಿಡಿದು ಹೊರಟದ್ದರಿಂದ ಟೇಲರನಿಗೆ ದಾರಿ ಸಿಕ್ಕಿತು. ಬದುಕಿರುವವರು ವಾಸಿಸುವ ಕೋಣೆಗೆ ಬಾಗಿಲು ತೆರೆದಿರಬೇಕು, ಇಲ್ಲಿ ಬಾಗಿಲಿನ ಜಾಗಕ್ಕೇ ಗೋಡೆ ತಂದು ನಿಲ್ಲಿಸಿದ್ದಾರೆ, ಕೈ ಚಾಚುವಷ್ಟೋ ತೆವಳುವಷ್ಟೋ ಕಿಂಡಿ ಮಾತ್ರ ಬಿಟ್ಟಿದ್ದಾರೆ. ಇದು ಸತ್ತವರಿಗಾಗಿ ಕಟ್ಟಿದ್ದು.

ಭೀಮಾ ತೀರದ ಜೇವರ್ಗಿಯಲ್ಲಿ ಅವನು ಅಗೆಸಿದ ಸಮಾಧಿಗಳ ಮಾತು ಬೇರೆಯೇ. ಅಲ್ಲಿ ಮಣ್ಣಿನ ಯಾವ ಪದರ ಯಾವುದರ ಮೇಲೆ ಕೂತಿದೆ, ಎಲುಬು ಯಾವ ಆಳದಲ್ಲಿದೆ ಎಂಬುದನ್ನು ಅಡ್ಡಸೀಳಿದ ಹಾಗೆ ಚಿತ್ರ ಬರೆದ. ಪುರಾತತ್ತ್ವ ಎಂದರೆ ಚೆಂದದ ವಸ್ತು ಎತ್ತಿಕೊಂಡು ಬರುವುದು ಎಂದು ಎಲ್ಲರೂ ತಿಳಿದಿದ್ದ ಆ ಕಾಲದಲ್ಲಿ, ಭಾರತದ ನೆಲದಲ್ಲಿ ಇಂಥ ಚಿತ್ರ ಬಂದದ್ದು ಅಚ್ಚರಿಯೇ. ನೂರು ವರ್ಷದ ಮೇಲೆ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಗೆತದ ವಿಧಾನ ಕುರಿತ ತನ್ನ ಪುಸ್ತಕದಲ್ಲಿ ಈ ಚಿತ್ರವನ್ನು ಹೊಗಳಿ ಮತ್ತೆ ಅಚ್ಚು ಹಾಕಿಸಿದ.

ಟೇಲರ್ ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಸುರಪುರದ ಕಲ್ಲುಗಳು ಇಂಗ್ಲೆಂಡು, ಐರ್ಲೆಂಡಿನ ಹಳೆಯ ಕಲ್ಲುಕೋಣೆಗಳನ್ನು ಹೋಲುತ್ತವಲ್ಲ, ಹಾಗಾದರೆ ಎರಡನ್ನೂ ಕಟ್ಟಿದವರು ಒಂದೇ ಜನ ಎಂದುಬಿಟ್ಟ. ಡ್ರೂಯಿಡರು, ಸಿಥಿಯನ್ನರು ಎಂಬ ಹೆಸರುಗಳನ್ನು ತನ್ನ ಲೇಖನಗಳ ತಲೆಬರಹದಲ್ಲೇ ಇಟ್ಟ. ನಮ್ಮವರು ಪಾಂಡವರನ್ನು ಕರೆತಂದ ಜಾಗಕ್ಕೆ ಅವನು ತನ್ನ ನಾಡಿನ ಪೂಜಾರಿಗಳಾದ ಡ್ರೂಯಿಡರನ್ನು ಕರೆತಂದ. 1872ರಲ್ಲಿ ಫರ್ಗ್ಯುಸನ್ ಲೋಕದ ಎಲ್ಲ ಕಡೆಯ ಒರಟುಗಲ್ಲಿನ ಸ್ಮಾರಕಗಳ ಮೇಲೆ ಪುಸ್ತಕ ಬರೆದಾಗ ಟೇಲರನ ರಾಜನಕೋಳೂರು ಅದರಲ್ಲಿ ಜಾಗ ಪಡೆಯಿತು.

ಕೊಣ್ಣೂರಿನ ಸರದಿ ಬಂದದ್ದು 1874ರಲ್ಲಿ. ಆ ವರ್ಷ ಜನವರಿಯಿಂದ ಮೇ ತನಕ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಆಗಿನ ಕಲಾದಗಿ ಜಿಲ್ಲೆಗಳಲ್ಲಿ ಪುರಾತತ್ತ್ವ ಸರ್ವೇಕ್ಷಣೆಯ ಮೊದಲ ಹಂಗಾಮಿನ ತಿರುಗಾಟ ನಡೆಸಿದ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಅಳತೆ ಚಿತ್ರಗಳನ್ನು ಲೋಕಕ್ಕೆ ಕೊಟ್ಟ ತಿರುಗಾಟ ಅದು. ಅದೇ ವರದಿಯಲ್ಲಿ ಕೊಣ್ಣೂರಿನ ಕಲ್ಲುಕೋಣೆಗಳೂ ಸೇರಿಕೊಂಡವು. ಆಗ ಜಲಪಾತದ ಬಳಿ ನೂಲಿನ ಗಿರಣಿ ಇರಲಿಲ್ಲ, ವಿದ್ಯುತ್ತೂ ಇರಲಿಲ್ಲ. 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆ, ದಡದ ಮಹಾಲಿಂಗೇಶ್ವರ ಗುಡಿ, ಪಕ್ಕದಲ್ಲಿ ಗುಡ್ಡ. ಅಲ್ಲಿ ಮುಖ್ಯವಾಗಿ ನೋಡತಕ್ಕದ್ದು ಇಷ್ಟೇ ಆಗಿತ್ತು.

ಅದೇ ಹೊತ್ತಿಗೆ ಜೆ. ಎಫ್. ಫ್ಲೀಟ್ ಸವದತ್ತಿ ಮತ್ತು ಬೆಳಗಾವಿಯ ರಟ್ಟ ಅರಸರ ಶಾಸನಗಳನ್ನು ಓದಿ ಅಚ್ಚು ಹಾಕಿಸುತ್ತಿದ್ದ. ಕೊಣ್ಣೂರಿನ ಜೈನ ಬಸದಿಯ ಶಾಸನ ಅವುಗಳಲ್ಲೊಂದು, ಅಲ್ಲಿ ಊರಿನ ಹೆಸರು ಕೊಂಡನೂರು. ಈಚೆಗೆ ಗೋಕಾಕದಿಂದ ಬೇರೆಯಾದ ಮೂಡಲಗಿ ತಾಲೂಕಿಗೆ ಸೇರಿದ ಕಲ್ಲೋಳಿಯ 1204ರ ಶಾಸನವೂ ಅದೇ ಕಂತೆಯದು. ಹೀಗೆ ಒಂದೇ ಊರಿನಲ್ಲಿ ಎರಡು ಬಗೆಯ ಕಟ್ಟಡಗಳು ಒಂದೇ ಕಾಲಕ್ಕೆ ವಿದ್ವಾಂಸರ ಮುಂದೆ ಬಂದವು. ಬಸದಿಗೆ ಗೋಡೆಯ ಜತೆಗೆ ಮಾತೂ ಇತ್ತು. ಕಟ್ಟಿಸಿದವರು ಯಾರು, ದಾನ ಏನು, ಆಗ ಆಳುತ್ತಿದ್ದ ಅರಸ ಯಾರು, ಎಲ್ಲವನ್ನೂ ಕಲ್ಲೇ ಹೇಳಿತು. ಚಪ್ಪಡಿ ಕೋಣೆಗೆ ಗೋಡೆ ಮಾತ್ರ. ಬಸದಿಯ ಕತೆ ಬೇಗ ಬರೆದು ಮುಗಿಯಿತು. ಕೋಣೆಯದು ಹಾಗೇ ಉಳಿಯಿತು. 1908ರ ಹೊತ್ತಿಗೆ ಇಂಪೀರಿಯಲ್ ಗೆಜೆಟಿಯರ್ ಕೊಣ್ಣೂರಿನ ಹೆಸರಿನಡಿ ಈ ಚಪ್ಪಡಿಗೋಡೆಯ ಕೋಣೆಗಳು ಸಮಾಧಿಗಳೆಂದೂ, ಯುರೋಪಿನಲ್ಲೂ ಇಂಥವಿವೆಯೆಂದೂ ಹೇಳಿತು. ಎಷ್ಟು ಹಳೆಯವು, ಯಾವ ಜನರವು ಎಂಬ ಪ್ರಶ್ನೆಗಳಿಗೆ ಉತ್ತರ ಬರಲಿಲ್ಲ.

ಉತ್ತರ ಬಂದದ್ದು ಮೊಳಕಾಲ್ಮೂರಿನ ದಿಕ್ಕಿನಿಂದ. ಅಲ್ಲಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅಶೋಕನ ಶಾಸನ ಕಂಡಿದ್ದರು. ಮೈಸೂರಿನ ಎಂ. ಎಚ್. ಕೃಷ್ಣ ಅಲ್ಲಿ ಅಗೆತ ನಡೆಸಿದ್ದರು. 1947ರಲ್ಲಿ ವೀಲರ್ ಅಲ್ಲಿಗೆ ಬಂದು ಊರಿನ ದಿಬ್ಬ, ಸುತ್ತಲಿನ ಸಮಾಧಿ ಎರಡನ್ನೂ ಒಟ್ಟಿಗೆ ಬಿಚ್ಚಿದ. ಟೇಲರ್ ಗುರುತಿಸಿದ ನಾಲ್ಕು ಗೋಡೆಗಳು ಹೇಗೆ ನಿಂತಿವೆ ಎಂಬುದು ಆಗ ಸರಿಯಾಗಿ ತಿಳಿಯಿತು.

ಆ ಕಟ್ಟಣವನ್ನು ಹತ್ತಿರದಿಂದ ನೋಡಬೇಕು. ನಾಲ್ಕು ಚಪ್ಪಡಿಗಳನ್ನು ಮೂಲೆಗೆ ಮೂಲೆ ಸೇರಿಸಿ ನಿಲ್ಲಿಸಿದರೆ ಹೊರಗಿನಿಂದ ಒತ್ತಿದ ಮಣ್ಣು ಅವನ್ನು ಒಳಕ್ಕೆ ಕೆಡವುತ್ತದೆ. ಹಾಗಾಗಿ ಅವರು ಪ್ರತಿ ಚಪ್ಪಡಿಯ ಒಂದು ಅಂಚನ್ನು ಪಕ್ಕದ ಚಪ್ಪಡಿಯ ಮೈಗೆ ಆನಿಸಿ, ಇನ್ನೊಂದು ಅಂಚನ್ನು ಮೂಲೆಯಿಂದ ಆಚೆಗೆ ಚಾಚಿಸಿದರು. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಮಕ್ಕಳು ಒಬ್ಬರ ಮಣಿಕಟ್ಟು ಒಬ್ಬರು ಹಿಡಿದು ಕೈಪೀಠ ಮಾಡಿ ಗೆಳೆಯನನ್ನು ಹೊರುವುದಿಲ್ಲವೇ, ಅದೇ ಹಿಡಿತ. ಒಂದು ಗೋಡೆ ಒಳಕ್ಕೆ ಬೀಳಬೇಕಾದರೆ ಅದಕ್ಕೆ ಅಡ್ಡ ನಿಂತ ಗೋಡೆ ಬಿಡುವುದಿಲ್ಲ. ಆ ಗೋಡೆಯನ್ನು ಅದರ ಮುಂದಿನದು ಬಿಡುವುದಿಲ್ಲ. ಹೊರಗಿನ ಭಾರ ಹೆಚ್ಚಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಮೇಲೆ ಮುಚ್ಚುಗಲ್ಲು, ಸುತ್ತ ಕಲ್ಲಿನ ವೃತ್ತ. ಪೂರ್ವದ ಚಪ್ಪಡಿಯಲ್ಲಿ ಒಂದೂವರೆ ಎರಡು ಅಡಿ ಅಗಲದ ಕಿಂಡಿ.

ಆ ಕಿಂಡಿಯ ಗುಟ್ಟೂ ಅಲ್ಲೇ ಅರ್ಧ ಬಿಚ್ಚಿಕೊಂಡಿತು. ಕೋಣೆಯೊಳಗೆ ಸಿಕ್ಕ ಎಲುಬುಗಳು ಒಬ್ಬರವಲ್ಲ, ಪೂರ್ತಿಯೂ ಅಲ್ಲ. ಹಲವರ ಬಿಡಿ ಎಲುಬುಗಳು. ಹತ್ತಿರದಲ್ಲೇ ಕಲ್ಲಿನ ವೃತ್ತದೊಳಗೆ ತೋಡಿದ ಬರಿಯ ಗುಂಡಿಗಳಿದ್ದವು, ಅವುಗಳಲ್ಲಿ ಏನೂ ಇರಲಿಲ್ಲ. ಶವವನ್ನು ಮೊದಲು ಆ ಗುಂಡಿಯಲ್ಲಿ ಇಟ್ಟು, ಮಾಂಸ ಕರಗಿದ ಮೇಲೆ ಎಲುಬು ಆಯ್ದು ಕಲ್ಲುಕೋಣೆಗೆ ತಂದಿರಬೇಕು ಎಂದು ವೀಲರ್ ಊಹಿಸಿದ. ಹಾಗಿದ್ದರೆ ಕೋಣೆ ಒಂದು ಮನೆತನದ್ದೋ ಒಂದು ಗುಂಪಿನದ್ದೋ ಆಗಿರಬೇಕು. ಒಬ್ಬೊಬ್ಬರು ತೀರಿಕೊಂಡಾಗಲೂ ಮುಚ್ಚುಗಲ್ಲು ಎತ್ತುವುದು ಆಗದ ಮಾತು, ಅದಕ್ಕೆ ಕಿಂಡಿ. ನಾಲ್ಕನೆಯ ಗೋಡೆ ಒಳಗಿದ್ದವರನ್ನು ಮುಚ್ಚಿಟ್ಟಿತು, ಹೊಸಬರಿಗೆ ದಾರಿಯನ್ನೂ ಉಳಿಸಿತು. ಮೋರೇರು ಕುಳ್ಳರಾಗಬೇಕಾದ ಅಗತ್ಯ ಅಲ್ಲಿಗೆ ತೀರಿತು.

ಕಾಲ ಗೊತ್ತುಮಾಡಿದ ಬಗೆಯಂತೂ ಪತ್ತೇದಾರಿ ಕತೆಗೆ ಕಡಿಮೆಯಿಲ್ಲ. ಎರಡು ವರ್ಷ ಹಿಂದೆ, 1945ರಲ್ಲಿ, ವೀಲರ್ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಅಗೆದಾಗ ಇಟಲಿಯ ಅರೆಝೋದಲ್ಲಿ ತಯಾರಾದ ಮಡಕೆಗಳು ಸಿಕ್ಕಿದ್ದವು. ಅವುಗಳ ಕಾಲ ರೋಮಿನ ಇತಿಹಾಸದಿಂದ ಗೊತ್ತಿತ್ತು. ಅದೇ ನೆಲದಲ್ಲಿ ತಳಕ್ಕೆ ಗೆರೆಗೆರೆಯ ಅಲಂಕಾರವಿದ್ದ ಇನ್ನೊಂದು ಬಗೆಯ ಮಡಕೆಯೂ ಇತ್ತು. ಆ ಗೆರೆ ಮಡಕೆಯೇ ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಬಂತು. ಹೀಗೆ ಇಟಲಿಯ ಕುಂಬಾರ ಮೊಳಕಾಲ್ಮೂರಿನ ಸಮಾಧಿಗೆ ಸಾಕ್ಷಿ ಹೇಳಿದ. ಆ ಲೆಕ್ಕ ಹಿಡಿದು ವೀಲರ್ ಈ ಕಲ್ಲುಕೋಣೆಗಳ ಕಾಲವನ್ನು ಕ್ರಿ.ಪೂ. 200 ಮತ್ತು ಕ್ರಿ.ಶ. ಒಂದನೆಯ ಶತಮಾನದ ನಡುವೆ ಇಟ್ಟ.

ಅದು ತೀರ ಈಚಿನ ಕಾಲವಾಯಿತು ಎಂದು ತೋರಿಸಿಕೊಟ್ಟವರು ಎಂ. ಎಸ್. ನಾಗರಾಜರಾವ್. 1965ರಲ್ಲಿ ಅವರು ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಅಗೆದರು, ಈಗ ಅದು ಹಾವೇರಿ ಜಿಲ್ಲೆ. ಅಲ್ಲಿ ಕಬ್ಬಿಣದ ಜತೆ ಸಿಕ್ಕ ಇದ್ದಿಲನ್ನು ಇಂಗಾಲದ ಪರೀಕ್ಷೆಗೆ ಕೊಟ್ಟಾಗ ಬಂದ ಉತ್ತರ ಕ್ರಿ.ಪೂ. 1000ದ ಆಸುಪಾಸು. ದಕ್ಷಿಣದಲ್ಲಿ ಕಬ್ಬಿಣದ ಬಳಕೆ ಒಂದೇ ಸಲಕ್ಕೆ ನೂರಾರು ವರ್ಷ ಹಿಂದೆ ಸರಿಯಿತು, ಅದರೊಂದಿಗೆ ಕಲ್ಲುಕೋಣೆ ಕಟ್ಟಿದ ಜನರ ಕಾಲದ ಮೊದಲೂ ಸರಿಯಿತು. ಕಬ್ಬಿಣವಿಲ್ಲದೆ ಇಂಥ ಚಪ್ಪಡಿ ಎಬ್ಬಿಸಿ, ಅಂಚು ತಿದ್ದಿ, ನಡುವೆ ದುಂಡಗೆ ಕಿಂಡಿ ಕೊರೆಯುವುದು ಕಷ್ಟ ಎಂಬುದನ್ನು ಯಾವ ಕಲ್ಲುಕುಟಿಗರಾದರೂ ಹೇಳಿಯಾರು.

ಇಷ್ಟೆಲ್ಲ ಕೈಯಲ್ಲಿ ಹಿಡಿದು ಕೊಣ್ಣೂರಿಗೆ ಮರಳಿ ಬಂದವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅ. ಸುಂದರ. ಉತ್ತರ ಕರ್ನಾಟಕದ ಕಲ್ಲುಕೋಣೆ ಸಮಾಧಿಗಳನ್ನು ಊರೂರು ತಿರುಗಿ ಅಳೆದು, ಬಗೆ ಬಗೆಯಾಗಿ ವಿಂಗಡಿಸಿ ಅವರು ಬರೆದ ಇಂಗ್ಲಿಷ್ ಗ್ರಂಥ 1975ರಲ್ಲಿ ಹೊರಬಂತು. ಅಲ್ಲಿಯ ತನಕ ಎಲ್ಲವೂ ಒಂದೇ ಗುಂಪಿನಲ್ಲಿದ್ದವು. ಸುಂದರ ಅವರು ಗೋಡೆಗಳನ್ನು ಓದಿದರು. ಕಿಂಡಿ ಬರಿಯ ತೂತೋ, ಅಥವಾ ಅದರ ಮುಂದೆ ಎರಡೂ ಬದಿಗೆ ಚಪ್ಪಡಿ ನಿಲ್ಲಿಸಿದ ಸಣ್ಣ ಓಣಿ ಇದೆಯೋ? ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಬಯಲಿನಲ್ಲಿ ಇಂಥ ಓಣಿಯಿರುವ ಕೋಣೆಗಳು ಒಂದು ಪ್ರತ್ಯೇಕ ಬಗೆಯೇ ಎಂದು ಅವರು ತೋರಿಸಿದರು. ತೇರದಾಳ ಹಳಿಂಗಳಿಯಲ್ಲಿ ಅಗೆತವನ್ನೂ ಮಾಡಿದರು. ಕೊಣ್ಣೂರು ಇನ್ನು ಯಾವುದೋ ಯುರೋಪಿನ ಸ್ಮಾರಕದ ನಕಲಾಗಿ ಉಳಿಯಲಿಲ್ಲ. ಈ ಮೂರು ನದಿಗಳ ಜನ ತಮ್ಮದೇ ರೀತಿಯಲ್ಲಿ ಕಟ್ಟಿದ ಕಟ್ಟಡವಾಯಿತು. ಟೇಲರನ ಡ್ರೂಯಿಡರಿಗೆ ಸುಂದರರ ಈ ಅಳತೆಗಳಿಗಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಕೊಣ್ಣೂರಿನಲ್ಲೇ ಇಂಥವು ಗುಂಪಾಗಿ ಇರುವುದಕ್ಕೆ ನೆಲವೂ ಕಾರಣ. ಜಲಪಾತದ ಕೊರಕಲಿನಲ್ಲಿ ಕಾಣುವುದು ಕಲಾದಗಿ ಶ್ರೇಣಿಯ ಮರಳುಗಲ್ಲು, ಪುಸ್ತಕದ ಹಾಳೆಯಂತೆ ಮಲಗಿದ ಪದರಗಳು. ಸಂದಿನಲ್ಲಿ ಸೀಳಿದರೆ ಚಪ್ಪಡಿ ತಾನಾಗಿ ಏಳುತ್ತದೆ. ಗೋಡೆ ಅರ್ಧ ತಯಾರಾಗಿಯೇ ನೆಲದಲ್ಲಿತ್ತು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಗ್ರಾನೈಟ್ ಬಂಡೆ ಸಿಪ್ಪೆ ಸಿಪ್ಪೆಯಾಗಿ ಬಿಡುತ್ತದೆ. ಅಲ್ಲಿ ನೂರಾರು ಕೋಣೆಗಳೆದ್ದವು. 2021ರಲ್ಲಿ ಆ ತಾಣ ಯುನೆಸ್ಕೋದ ಸಂಭಾವ್ಯ ಪಟ್ಟಿ ಸೇರಿತು. ಕಾಸರಗೋಡಿನ ಕಡೆ ಮುರಕಲ್ಲು, ಚಪ್ಪಡಿಯಾಗಿ ಸೀಳದ ಕಲ್ಲು. ಅಲ್ಲಿ ಗೋಡೆ ನಿಲ್ಲಿಸುವ ಬದಲು ನೆಲವನ್ನೇ ಕೊರೆದು ಗುಹೆಯಂಥ ಕೋಣೆ ತೆಗೆದರು. ಸತ್ತವರಿಗೆ ಒಂದು ಕೋಣೆ ಬೇಕೆಂಬ ಮನಸ್ಸು ಎಲ್ಲ ಕಡೆಯೂ ಒಂದೇ ಆಗಿತ್ತು, ಕೋಣೆ ಹೇಗಿರಬೇಕೆಂಬುದನ್ನು ಆಯಾ ಸೀಮೆಯ ಕಲ್ಲು ನಿರ್ಧರಿಸಿತು. ಹಿರೇಬೆಣಕಲ್ಲಿಗೆ ಸಿಕ್ಕ ಗಮನದಲ್ಲಿ ಕಾಲುಭಾಗವಾದರೂ ಕೊಣ್ಣೂರಿಗೆ ಸಿಗಬೇಕೆಂಬುದು ನನ್ನ ಆಸೆ. ಏಕೆಂದರೆ ಚಪ್ಪಡಿ ಎಲ್ಲರಿಗೂ ಬೇಕಾದ ವಸ್ತು. ನಿಧಿಯಾಸೆಗೆ ಬಗೆದವರಿಗಿಂತ ಕಟ್ಟೆಗೋ ಮೆಟ್ಟಿಲಿಗೋ ಕಲ್ಲು ಹೊತ್ತೊಯ್ಯುವವರಿಂದ ಇಂಥ ತಾಣಗಳು ಹೆಚ್ಚು ಬರಿದಾಗಿವೆ.

ಸತ್ತವರಿಗೆ ಇಷ್ಟು ಗಟ್ಟಿ ಗೋಡೆ ಕಟ್ಟಿದವರು ತಾವು ಎಲ್ಲಿ ವಾಸವಿದ್ದರು ಎಂಬುದಕ್ಕೂ ಬ್ರಹ್ಮಗಿರಿಯ ಊರದಿಬ್ಬವೇ ಉತ್ತರ ಕೊಟ್ಟಿತು. ಅಲ್ಲಿ ಕಲ್ಲುಕೋಣೆಯವರ ಪದರದಲ್ಲಿ ಚಪ್ಪಡಿ ಗೋಡೆ ಒಂದೂ ಇರಲಿಲ್ಲ. ನೆಲದಲ್ಲಿ ಸಾಲಾಗಿ ಗುಳಿಗಳಿದ್ದವು, ಮರದ ಕಂಬ ನೆಟ್ಟ ಗುಳಿಗಳು. ಕಂಬ, ಗೋಡೆ, ಮಾಡು ಎಲ್ಲ ಕರಗಿ ಹೋಗಿ ಗುಳಿ ಮಾತ್ರ ಉಳಿದಿತ್ತು. ನಮ್ಮ ಜನ ಯಾವುದನ್ನು ಮನೆ ಎಂದರೋ ಅದರ ಒಡೆಯರ ನಿಜವಾದ ಮನೆ ಕಣ್ಣಿಗೆ ಕಾಣದ ಹಾಗೆ ಅಳಿದಿತ್ತು. ಕೊಣ್ಣೂರಿನ ಗುಡ್ಡದಲ್ಲಿ ಕೋಣೆ ಎಬ್ಬಿಸಿದವರೂ ಹೀಗೆ ಕಂಬ ನೆಟ್ಟು ಮಾಡು ಹೊದಿಸಿದ ಮನೆಗಳಲ್ಲೇ ಇದ್ದಿರಬೇಕು.

ಹಾಗಾದರೆ ಆ ಊರಿನವರೇ ಈ ಸಮಾಧಿ ಕಟ್ಟಿದವರು ಎಂದು ಹೇಗೆ ಗೊತ್ತಾಯಿತು? ಮಡಕೆಯಿಂದ. ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈ ಕೆಂಪು, ಉಜ್ಜಿ ಉಜ್ಜಿ ನುಣುಪಾಗಿಸಿದ ಮಡಕೆ. ಆವಿಗೆಯಲ್ಲಿ ಬೋರಲು ಹಾಕಿ ಸುಟ್ಟಾಗ ಗಾಳಿ ತಾಗದ ಭಾಗ ಕಪ್ಪಾಗಿ, ಗಾಳಿ ತಾಗಿದ ಭಾಗ ಕೆಂಪಾಗಿ ಬರುತ್ತದೆ ಎಂದು ಬಲ್ಲವರು ವಿವರಿಸುತ್ತಾರೆ. ಕಂಬದ ಗುಳಿಗಳ ನಡುವಿನ ನೆಲದಲ್ಲೂ ಇದೇ ಮಡಕೆ, ನಾಲ್ಕು ಚಪ್ಪಡಿಗಳ ನಡುವೆ ಎಲುಬಿನ ಪಕ್ಕದಲ್ಲೂ ಇದೇ ಮಡಕೆ. ಉಣ್ಣಲು ಬಳಸಿದ ಬಗೆಯ ಪಾತ್ರೆಯನ್ನೇ ಅವರು ಕಿಂಡಿಯ ಒಳಗಡೆಗೂ ಕೊಟ್ಟು ಕಳಿಸಿದ್ದರು.